ಹಕ್ಕಿಯ ಗುರುತು, ಮಾತಿನ ಮುನಿಸು

ಓದುಗರ ಪ್ರಶ್ನೆ: ಈ ಸಲ ಹಕ್ಕಿ ನೋಡುವವರ ವಾಟ್ಸಾಪ್ ಗುಂಪುಗಳಿಂದ

ಪ್ರಶ್ನೆ: ನಮ್ಮ ಗುಂಪಿನಲ್ಲಿ ಹಿರಿಯರೊಬ್ಬರು ತೋಟದಲ್ಲಿ ತೆಗೆದ ಫೋಟೊ ಹಾಕಿ 'ಕಂದುತಲೆ ಕುಟ್ರುಹಕ್ಕಿ' ಎಂದು ಬರೆದಿದ್ದರು. ನಾನು 'ಅಲ್ಲ. ಇದು ಬಿಳಿಕೆನ್ನೆಯದು.' ಎಂದಷ್ಟೇ ಹಾಕಿದೆ. ಅಂದಿನಿಂದ ಅವರು ಒಂದೂ ಫೋಟೊ ಹಾಕಿಲ್ಲ. ಸರಿಯಾದದ್ದನ್ನು ಹೇಳಿದ್ದು ತಪ್ಪೇ?
– ಓದುಗರು, ಮೂಡಿಗೆರೆ

ಉತ್ತರ: ಹೇಳಿದ್ದು ತಪ್ಪಲ್ಲ, ನೋವಾಗಿದ್ದು ಆ 'ಅಲ್ಲ.' ಎಂಬಲ್ಲಿ. ಅವರ ಎದುರಿಗೇ ಕೂತಿದ್ದರೆ ನೀವು 'ಅಲ್ಲ ಸರ್, ಕೆನ್ನೆ ನೋಡಿ' ಎಂದು ಬೆರಳು ತೋರಿಸುತ್ತಿದ್ದಿರಿ. ಓರಗೆಯವರಾದರೆ 'ಅಲ್ಲ ಕಣ್ರೀ' ಅನ್ನುತ್ತಿದ್ದಿರಿ. ನಮ್ಮ ಮಾತಿನ ಮರ್ಯಾದೆ, ಸಲಿಗೆ ಎಲ್ಲ ಈ ಕಣ್ರೀ, ಅಲ್ವಾ, ನೋಡಿ ಎಂಬ ಬಾಲದಲ್ಲಿರುತ್ತದೆ. ಟೈಪ್ ಮಾಡುವಾಗ ಮೊದಲು ಉದುರುವುದು ಅದೇ. ಆಮೇಲೆ ಉಳಿಯುವ ಬೋಳು 'ಅಲ್ಲ' ಮೇಷ್ಟ್ರು ಉತ್ತರಪತ್ರಿಕೆಯ ಮೇಲೆ ಎಳೆದ ಕೆಂಪು ಗೀಟಿನ ಹಾಗೆ ಕಾಣುತ್ತದೆ, ಅದೂ ಇಡೀ ಗುಂಪಿನ ಮುಂದೆ.

ಇನ್ನೊಂದು ಕೊರತೆ, ಕಾರಣ ಹೇಳದೆ ತೀರ್ಪು ಕೊಟ್ಟದ್ದು. ಈ ಎರಡು ಹಕ್ಕಿಗಳಲ್ಲಿ ಯಾರೂ ಎಡವಬಹುದು. ಎರಡೂ ಹಸಿರು, ಎರಡಕ್ಕೂ ಗೀರುಗೀರಾದ ಕಂದು ತಲೆ, ಕೂಗೂ ಹೆಚ್ಚುಕಡಿಮೆ ಒಂದೇ 'ಕುಟ್ರೂ ಕುಟ್ರೂ'. ಕಿವಿಯೊಂದನ್ನೇ ನಂಬುವ ಹಾಗಿಲ್ಲ. ಬಿಡಿಸಿ ಹೇಳುವುದು ಮುಖ: ಬಿಳಿಕೆನ್ನೆಯದಕ್ಕೆ ಕಣ್ಣಿನ ಕೆಳಗೆ ಅಗಲವಾದ ಬಿಳಿ ಪಟ್ಟಿ, ಕಂದುತಲೆಯದಕ್ಕೆ ಕಣ್ಣಿನ ಸುತ್ತ ಕೊಕ್ಕಿನವರೆಗೆ ಹಬ್ಬಿದ ಹಳದಿ–ಕಿತ್ತಳೆ ಬರಿಚರ್ಮ. ಇಷ್ಟನ್ನು ಬರೆದಿದ್ದರೆ ಆ ಹಿರಿಯರ ಜೊತೆಗೆ, ಕೇಳಲು ನಾಚಿಕೊಂಡು ಸುಮ್ಮನಿದ್ದ ಹೊಸಬರೂ ಕಲಿಯುತ್ತಿದ್ದರು.

ಹೀಗೆ ಬರೆದು ನೋಡಿ: 'ಸರ್, ಮುಖ ಸ್ಪಷ್ಟವಾಗಿ ಸಿಕ್ಕಿದೆ. ಕಣ್ಣಿನ ಕೆಳಗೆ ಬಿಳಿ ಪಟ್ಟಿ ಇದೆ ನೋಡಿ, ಅದು ಬಿಳಿಕೆನ್ನೆ ಕುಟ್ರುಹಕ್ಕಿಯ ಗುರುತು. ಕಂದುತಲೆಯದಾದರೆ ಅಲ್ಲಿ ಹಳದಿ ಚರ್ಮ ಇರುತ್ತಿತ್ತು.' ಇಲ್ಲಿ ಪ್ರತಿ ವಾಕ್ಯವೂ ಫೋಟೊದ ಬಗ್ಗೆ, ಹಕ್ಕಿಯ ಬಗ್ಗೆ. 'ನೀವು ತಪ್ಪು ಹೇಳಿದ್ದೀರಿ' ಎಂಬ ಮಾತೇ ಬರಲಿಲ್ಲ. ಒಂದು ಎಚ್ಚರ: ಗುರುತು ಖಚಿತವಾಗಿದ್ದರೆ, ಮೃದುವಾಗಿರಲಿ ಎಂದು 'ಅನ್ಸುತ್ತೆ', 'ಇರಬಹುದು' ಸೇರಿಸಬೇಡಿ. ನಿಜವಾದ ಅನುಮಾನ ಇದ್ದಾಗ ಆ ಪದಗಳಿಗೆ ಬೆಲೆ ಉಳಿಯುವುದಿಲ್ಲ. ಮರ್ಯಾದೆ ಬೇರೆ, ಸಂದೇಹ ಬೇರೆ.

ಈಗ ಮಾಡಬೇಕಾದ್ದು: ಗುಂಪಿನಲ್ಲಿ ಆ ಮಾತನ್ನು ಮತ್ತೆ ಎತ್ತಬೇಡಿ. ಅವರಿಗೆ ಫೋನ್ ಮಾಡಿ. 'ನಿಮಗೆ ಬೇಜಾರಾಗಿದ್ದರೆ ಕ್ಷಮಿಸಿ' ಅಂದರೆ ಬೇಜಾರಾದದ್ದೇ ಅವರ ತಪ್ಪು ಎಂಬಂತೆ ಕೇಳುತ್ತದೆ. 'ನಾನು ಬರೆದ ರೀತಿ ಒರಟಾಯಿತು ಸರ್' ಅನ್ನಿ. ಆಮೇಲೆ ಅವರ ತೋಟದ ಬೇರೆ ಹಕ್ಕಿಗಳ ಬಗ್ಗೆ ಕೇಳಿ. ಮುಂದೆ ಇಂಥದ್ದೇ ಕಳಿಸಿಬಿಟ್ಟಿರಿ ಎಂದು ತಕ್ಷಣ ಅನ್ನಿಸಿದರೆ, ವಾಟ್ಸಾಪ್‌ನಲ್ಲಿ ಕಳಿಸಿದ 15 ನಿಮಿಷದೊಳಗೆ ತಿದ್ದಲು ಅವಕಾಶವಿದೆ.

ಪ್ರಶ್ನೆ: ನನ್ನ ಪ್ರಶ್ನೆಗೆ ಒಬ್ಬರು 'ಹೋಗಲಿ ಬಿಡಿ' ಎಂದು ಉತ್ತರಿಸಿದರು. ಸಿಟ್ಟೋ, ಸಮಾಧಾನವೋ?
– ಓದುಗರು, ಹಾಸನ

ಉತ್ತರ: ಬರಹದಲ್ಲಿ ಎರಡೂ ಒಂದೇ ಥರ. ಬಾಯಲ್ಲಿ ಎಳೆದು ಹೇಳಿದರೆ ಸಮಾಧಾನ, ತುಂಡರಿಸಿ ಹೇಳಿದರೆ ಸಿಟ್ಟು. ಹಾಗಾಗಿ ಒಳ್ಳೆಯ ಅರ್ಥವನ್ನೇ ಹಿಡಿದು ಮುಂದುವರಿಯಿರಿ. ಮನಸ್ಸಿಗೆ ಕೊರೆಯುತ್ತಿದ್ದರೆ ಖಾಸಗಿಯಾಗಿ ಒಂದು ಸಾಲು ಕೇಳಿ. ಗುಂಪಿನಲ್ಲಿ 'ಏನರ್ಥ?' ಎಂದರೆ ಜಗಳಕ್ಕೆ ಕರೆದಂತಾಗುತ್ತದೆ.

ಪ್ರಶ್ನೆ: ನಾನು ಅಡ್ಮಿನ್. ಹೊಸ ಸದಸ್ಯರೊಬ್ಬರು ಗೂಡಿನ ಫೋಟೊವನ್ನು ಲೊಕೇಶನ್ ಸಮೇತ ಹಾಕಿದರು. ಇನ್ನೊಬ್ಬರು 'ಬುದ್ಧಿ ಇದೆಯೇನ್ರೀ?' ಎಂದರು. ರಾತ್ರಿಯೆಲ್ಲ ಜಗಳ. ಯಾರ ಪರ ನಿಲ್ಲಲಿ?
– ಓದುಗರು, ಚಿಕ್ಕಮಗಳೂರು

ಉತ್ತರ: ಇಲ್ಲಿರುವುದು ಎರಡು ವಿಷಯ, ಬೇರೆಬೇರೆಯಾಗಿಯೇ ಬಗೆಹರಿಸಬೇಕು. ಲೊಕೇಶನ್ ಹಾಕಬಾರದು ಎಂಬುದು ಸರಿ. ಬೈದದ್ದು ಸರಿಯಲ್ಲ.

ಮೊದಲು ಗುಂಪಿನ ಸೆಟ್ಟಿಂಗ್ಸ್‌ಗೆ ಹೋಗಿ, ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸುವಂತೆ ಬೆಳಗಿನವರೆಗೆ ಬದಲಿಸಿ. ಲೊಕೇಶನ್ ಸಂದೇಶವನ್ನು ನೀವೇ ಅಳಿಸಿ, ಅಡ್ಮಿನ್‌ಗೆ ಆ ಅಧಿಕಾರ ಇದೆ. ಅಳಿಸುವ ಮುಂಚೆ ಹಾಕಿದವರಿಗೆ ಫೋನ್ ಮಾಡಿ ತಿಳಿಸಿ. ಇಲ್ಲದಿದ್ದರೆ 'ಅಡ್ಮಿನ್ ಅಳಿಸಿದ್ದಾರೆ' ಎಂಬ ಸಾಲೇ ಇನ್ನೊಂದು ಅವಮಾನ. ಬೈದವರಿಗೆ ಫೋನ್ ಆಮೇಲೆ. ಅವರ ಕಾಳಜಿ ನಿಜವಾದದ್ದು, ಅದನ್ನು ಮೊದಲು ಒಪ್ಪಿಕೊಂಡೇ ಮಾತು ಶುರು ಮಾಡಿ.

ಹೊಸಬರಿಗೆ ಬರೀ 'ನಿಯಮ' ಎನ್ನಬೇಡಿ, ಏನಾಗುತ್ತದೆ ಎಂದು ಹೇಳಿ. ಲಕ್ಕವಳ್ಳಿಯ ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಜನ ಹತ್ತಿರ ಹೋದರೆ ತಾಯಿ ಏಳುತ್ತದೆ, ಮೊಟ್ಟೆ ಸುಡುಬಿಸಿಲಿಗೆ ಬೀಳುತ್ತದೆ. ಮರದ ಗೂಡಾದರೂ ಅಷ್ಟೆ, ಜನ ಗುಂಪುಗೂಡಿದ ಕಡೆ ಕಾಗೆಯ ಕಣ್ಣೂ ಬೀಳುತ್ತದೆ. ಇದನ್ನು ಕೇಳಿದ ಮೇಲೆ ಲೊಕೇಶನ್ ಹಾಕಲು ಹೆಚ್ಚಿನವರಿಗೆ ಮನಸ್ಸೇ ಬರುವುದಿಲ್ಲ.

ಬೆಳಿಗ್ಗೆ ಗುಂಪು ತೆರೆಯುವಾಗ ಯಾರ ಹೆಸರನ್ನೂ ಎತ್ತದೆ ಮೂರೇ ಸಾಲು ಹಾಕಿ: 'ಗೂಡಿನ ಜಾಗ ಯಾರೂ ಹಾಕುವುದು ಬೇಡ, ತಾಲ್ಲೂಕಿನ ಹೆಸರು ಸಾಕು. ಯಾರಾದರೂ ಮರೆತು ಹಾಕಿದರೆ ಗುಂಪಿನಲ್ಲಿ ಹೇಳದೆ ಅಡ್ಮಿನ್‌ಗೆ ತಿಳಿಸಿ. ನಿನ್ನೆಯ ಮಾತು ಇಲ್ಲಿಗೆ ಮುಗಿಯಿತು.' ಅದನ್ನು ಪಿನ್ ಮಾಡಿ, ಅದರ ಹಿಂದೆಯೇ ನೀವೇ ಒಂದು ಹಕ್ಕಿಯ ಫೋಟೊ ಹಾಕಿ ಗುರುತು ಕೇಳಿ.