ಬಡವರ ಮೈ ದಪ್ಪಗಿದ್ದರೆ ಹೊಟ್ಟೆ ತುಂಬಿದೆ ಅಂತ ಅರ್ಥವೇ?

ನಿಮ್ಮ ಮನೆಗೆಲಸಕ್ಕೆ ಬರುವ ಹೆಣ್ಣುಮಗಳು ಬಡತನ ಹೇಳಿಕೊಳ್ಳುತ್ತಾರೆ, ಆದರೆ ಮೈ ದಪ್ಪಗಿದೆ, ಊಟಕ್ಕೆ ಕಮ್ಮಿ ಇದ್ದವರು ಹೀಗಿರುತ್ತಾರಾ ಅಂತ ಕೇಳಿದ್ದೀರಿ. ಇರುತ್ತಾರೆ. ನಮ್ಮ ಅವ್ವನೇ ಹಾಗಿದ್ದಾಳೆ.

ನಮ್ಮದು ಬಾಗಲಕೋಟೆ ಜಿಲ್ಲೆಯ ಬನಹಟ್ಟಿ, ನೇಕಾರರ ಊರು. ಅವ್ವ ಇಪ್ಪತ್ತು ವರ್ಷದಿಂದ ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಾಳೆ. ದಿನವಿಡೀ ಕೂತಲ್ಲೇ ಕೆಲಸ. ನನಗೆ ಕೆಲಸ ಸಿಗುವ ತನಕ ಅವಳ ಊಟ ಹೀಗಿತ್ತು: ಬೆಳಿಗ್ಗೆ ಸಕ್ಕರೆ ಜಾಸ್ತಿ ಹಾಕಿದ ಚಹಾ, ಎರಡು ಬಿಸ್ಕತ್ತು. ಮಧ್ಯಾಹ್ನ ಎಲ್ಲರದೂ ಆದ ಮೇಲೆ ಉಳಿದ ಅನ್ನ, ನೀರು ಸಾರು. ಸಂಜೆ ಕೂಲಿ ಕೈಗೆ ಬಂದ ದಿನ ಮಿರ್ಚಿ ಭಜಿ. ಎಣ್ಣೆಯಲ್ಲಿ ಗ್ರಾಂಗೆ 9 ಕ್ಯಾಲೊರಿ, ಪ್ರೋಟೀನಿನಲ್ಲಿ 4. ಆದರೆ ಹಸಿವನ್ನು ಹೆಚ್ಚು ಹೊತ್ತು ತಡೆಯುವುದು ಪ್ರೋಟೀನು ಮತ್ತು ನಾರು. ಕಾಳು, ತರಕಾರಿ, ಮೊಟ್ಟೆಯ ಖರ್ಚೇ ಮೊದಲು ಕಡಿತವಾಗುವುದು.

ಅದಕ್ಕೂ ಮೊದಲು ನಮ್ಮಲ್ಲಿ ಎರಡೂ ಹೊತ್ತು ಜೋಳದ ರೊಟ್ಟಿ ಇತ್ತು. 2013ರಲ್ಲಿ ಅನ್ನಭಾಗ್ಯ ಬಂತು. ಆ ಅಕ್ಕಿ ನಮ್ಮನ್ನು ಉಪವಾಸದಿಂದ ಉಳಿಸಿತು, ಅದನ್ನು ನಾನು ಮರೆಯುವುದಿಲ್ಲ. ಜೋಳ ಮಾತ್ರ ದುಡ್ಡು ಕೊಟ್ಟು ತರಬೇಕಿತ್ತು, ರೊಟ್ಟಿ ಬಡಿಯಲು ಪುರುಸೊತ್ತೂ ಬೇಕಿತ್ತು. ಹಾಗಾಗಿ ತಾಟಿನಲ್ಲಿ ಅನ್ನವೇ ಜಾಸ್ತಿಯಾಯಿತು. "ಅನ್ನ ಹೊಟ್ಟ್ಯಾಗ ನಿಂದ್ರಂಗಿಲ್ಲ" ಅಂತ ಅವ್ವ ಈಗಲೂ ಹೇಳುತ್ತಾಳೆ.

ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡಿದೆ. ಅಮೆರಿಕದ ಮಿನ್ನೆಸೋಟಾದಲ್ಲಿ 1944-45ರಲ್ಲಿ 36 ಗಂಡಸರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ಪರೀಕ್ಷೆ ಮಾಡಿದರು. ಆಮೇಲೆ ಊಟ ಸಿಕ್ಕಾಗ ಎಷ್ಟು ತಿಂದರೂ ಹಸಿವು ಹೋಗಲಿಲ್ಲ ಎಂದವರಿದ್ದರು. ಕಳೆದುಕೊಂಡ ಕೊಬ್ಬು ಮರಳಿ ಬಂದಿದ್ದಷ್ಟೇ ಅಲ್ಲ, ಮೊದಲಿಗಿಂತ ಜಾಸ್ತಿ ಆಯಿತು. ಆರು ತಿಂಗಳಿಗೇ ಹೀಗಾದರೆ, ಹುಟ್ಟಿದಾಗಿನಿಂದ ಅರೆಹೊಟ್ಟೆ ಉಂಡವರ ದೇಹ ಏನು ಮಾಡೀತು? ಬರಗಾಲದಲ್ಲಿ ಬೆಳೆದ ಅವ್ವ ರಾತ್ರಿ ಪಾತ್ರೆ ಖಾಲಿಯಾಗುವವರೆಗೂ ಉಣ್ಣುತ್ತಿದ್ದಳು. ಅದನ್ನು ಆಸೆಬುರುಕತನ ಅಂದವರನ್ನು ಕಂಡರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ನಮ್ಮ ದೇಶದಲ್ಲಿ ಬೊಜ್ಜು ಈಗಲೂ ಉಳ್ಳವರಲ್ಲೇ ಹೆಚ್ಚು, ಅದು ನಿಜ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 24 ಜನರ ತೂಕ ಜಾಸ್ತಿ, ಶೇ. 57 ಜನರಿಗೆ ರಕ್ತಹೀನತೆ. ಎರಡೂ ಒಂದೇ ಮೈಯಲ್ಲಿ ಇರಬಹುದು. ಅವ್ವನಿಗೆ ಇದ್ದದ್ದು ಹಾಗೆಯೇ.

ಒಬ್ಬ ಡಾಕ್ಟರು "ಕಮ್ಮಿ ತಿನ್ನಿ" ಅಂದರು. ಅವಳು ಮಧ್ಯಾಹ್ನದ ಊಟ ಬಿಟ್ಟಳು, ರಾತ್ರಿ ಎರಡರಷ್ಟು ಉಂಡಳು. ನನಗೆ ಕೆಲಸ ಸಿಕ್ಕ ಮೇಲೆ ತಿಂಗಳಿಗಾಗುವಷ್ಟು ಜೋಳ, ಮಡಕೆ ಕಾಳು ತಂದಿಡುತ್ತೇನೆ. ಈಗ ಬೆಳಿಗ್ಗೆ ರೊಟ್ಟಿ, ಕಾಳಿನ ಪಲ್ಯ ತಿಂದೇ ಕೆಲಸಕ್ಕೆ ಕೂರುತ್ತಾಳೆ. ತೂಕ ಅಷ್ಟೇನೂ ಇಳಿದಿಲ್ಲ. ರಾತ್ರಿ ಪಾತ್ರೆಯಲ್ಲಿ ಒಂದಿಷ್ಟು ಅನ್ನ ಉಳಿಯುತ್ತಿದೆ.