ಕೊಡಗಿನ ಮಳೆಗೆ ಎರ್ಟಿಗಾ ಟೈರ್ ಕೊಳ್ಳುವಾಗ ಕಿಲೋಮೀಟರ್ ಲೆಕ್ಕ ಬಿಡಿ

ಎರ್ಟಿಗಾ, ಮನೆಮಂದಿಯೆಲ್ಲ ಓಡಾಡುವ ಗಾಡಿ, ವರ್ಷಕ್ಕೆ ಎಂಟು ಸಾವಿರ ಕಿ.ಮೀ. ಓಟ. ಮಳೆ, ಚಳಿ, ಬಿಸಿಲು ಮೂರಕ್ಕೂ ಆಗುವ, ಕಮ್ಮಿ ಬೆಲೆಯ, 80 ಸಾವಿರ ಕಿ.ಮೀ. ಬರುವ ಟೈರ್ ಯಾವುದು, ಸದ್ಯಕ್ಕೆ ಸವೆದಿರುವ ಮುಂದಿನ ಎರಡನ್ನು ಮಾತ್ರ ಬದಲಾಯಿಸಿದರೆ ನಡೆಯುತ್ತಾ ಅಂತ ಕೇಳಿದ್ದೀರಿ. ನಡೆಯಲ್ಲ. ನಾನು ಮಾಡಿದ್ದೂ ಅದನ್ನೇ.

ನಮ್ಮದು 2013ರ ಎರ್ಟಿಗಾ. ಮನೆ ಮೂರ್ನಾಡು ಕಡೆ. ತೋಟದಿಂದ ಮಡಿಕೇರಿಗೆ, ಮಡಿಕೇರಿಯಿಂದ ತೋಟಕ್ಕೆ, ಆಗೀಗ ಮೈಸೂರು, ನೆಂಟರ ಮನೆ ಅಂತ ಪುತ್ತೂರು. ಓಟ ನಿಮ್ಮಷ್ಟೇ. ಮುಂದಿನ ಚಕ್ರ ಎಳೆಯುವ ಗಾಡಿ ಅಲ್ವಾ, ಘಾಟಿಯಲ್ಲಿ ಎಳೆಯೋದೂ ಅವೇ, ತಿರುಗೋದೂ ಅವೇ, ಇಳಿಯುವಾಗ ಬ್ರೇಕಿನ ಭಾರ ಬೀಳೋದೂ ಅವುಗಳ ಮೇಲೇ. ಹಾಗಾಗಿ ಮುಂದಿನ ಎರಡು ಬೋಳಾದವು, ಹಿಂದಿನವು ಹಾಗೇ ಉಳಿದವು. ಟೈರ್‌ಗಳನ್ನು ಹಿಂದೆ ಮುಂದೆ ಬದಲಾಯಿಸಿ ಹಾಕಿಸುವ ರೊಟೇಶನ್ ಅನ್ನೋದನ್ನು ನಾನು ಒಮ್ಮೆಯೂ ಮಾಡಿಸಿರಲಿಲ್ಲ.

2021ರ ಶುರುವಿನಲ್ಲಿ ಟೈರ್ ಅಂಗಡಿಗೆ ಹೋದೆ. ಅಲ್ಲಿದ್ದವರು ಹಿಂದಿನ ಟೈರಿನ ಗೆರೆಗೆ ಬೆರಳಿಟ್ಟು ನೋಡಿ, "ಅಣ್ಣ, ಇದು ಇನ್ನೂ ಇಪ್ಪತ್ತು ಸಾವಿರ ಓಡುತ್ತೆ, ಸುಮ್ನೆ ಯಾಕೆ ದುಡ್ಡು ಹಾಕ್ತೀರಿ" ಅಂದರು. ನಾನೂ ನೋಡಿದೆ. ಗೆರೆ ಆಳವಾಗಿಯೇ ಇತ್ತು. ಹೊಸ ಎರಡನ್ನು ಮುಂದೆ ಹಾಕಿಸಿ, ಉಳಿದ ದುಡ್ಡಿನಲ್ಲಿ ಬ್ಯಾಟರಿ ಬದಲಾಯಿಸಿಕೊಂಡು ಬಂದೆ.

ಅದೇ ವರ್ಷ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆಯ ಮೊದಲ ಮಳೆ, ಬಿದ್ದ ಸಂಜೆ ಸಂಪಾಜೆ ಘಾಟಿ ಇಳಿಯುತ್ತಿದ್ದೆವು. ಮೂರ್ನಾಲ್ಕು ತಿಂಗಳು ಒಣಗಿದ ರಸ್ತೆಯ ಮೇಲೆ ಧೂಳು, ಲಾರಿಗಳ ಎಣ್ಣೆ, ಟೈರಿನ ಪುಡಿ ಎಲ್ಲ ಕೂತಿರುತ್ತೆ. ಮೊದಲ ಮಳೆ ಅದನ್ನೆಲ್ಲ ತೊಳೆಯುವ ಮುಂಚೆ ಬರೀ ನೆನೆಸುತ್ತೆ. ಜುಲೈನ ಜಡಿಮಳೆಗಿಂತ ಮಾರ್ಚಿನ ಆ ಅರ್ಧ ಗಂಟೆಯೇ ಜಾಸ್ತಿ ಜಾರುತ್ತೆ. ಮದೆನಾಡು ದಾಟಿ ಜೋಡುಪಾಲ ಬರುವ ಮುಂಚಿನ ಒಂದು ತಿರುವು. ವೇಗ ನಲವತ್ತೂ ಇರಲಿಲ್ಲ. ತಿರುವಿನ ಒಳಗೆ ಬ್ರೇಕ್ ಸ್ವಲ್ಪ ಒತ್ತಿದೆ, ಅಷ್ಟೇ. ಗಾಡಿಯ ಹಿಂಭಾಗ ಒಂದು ಪಕ್ಕಕ್ಕೆ ಹೊರಟುಹೋಯಿತು. ಸ್ಟೇರಿಂಗ್ ತಿರುಗಿಸಿದೆ, ಏನೂ ಆಗಲಿಲ್ಲ. ಗಾಡಿ ಅಡ್ಡ ತಿರುಗಿ ಗುಡ್ಡದ ಬದಿಯ ಚರಂಡಿಗೆ ಹಿಂದಿನ ಚಕ್ರ ಬಡಿದು ನಿಂತಿತು. ಇನ್ನೊಂದು ಬದಿಗೆ ಹೋಗಿದ್ದರೆ ಕೆಳಗೆ ಕಣಿವೆ. ಅಮ್ಮನ ಮಣಿಕಟ್ಟಿನ ಮೂಳೆ ಮುರಿಯಿತು. ಮಕ್ಕಳಿಗೆ ಏನೂ ಆಗಲಿಲ್ಲ.

ಮಾರನೇ ದಿನ ಸುಳ್ಯದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ನನ್ನನ್ನು ಹಿಂದಿನ ಟೈರಿನ ಹತ್ತಿರ ಕೂರಿಸಿಕೊಂಡರು. "ಉಗುರಿನಲ್ಲಿ ಒತ್ತಿ" ಅಂದರು. ಒತ್ತಿದೆ. ಗುರುತೇ ಬೀಳಲಿಲ್ಲ. ಮುಂದಿನ ಹೊಸ ಟೈರಿಗೆ ಒತ್ತಿದರೆ ಉಗುರು ಸ್ವಲ್ಪ ಒಳಗೆ ಇಳಿದು, ಗುರುತು ಒಂದು ಗಳಿಗೆ ಇದ್ದು ಮಾಯವಾಯಿತು. ಆಮೇಲೆ ಹಿಂದಿನ ಟೈರಿನ ಗೆರೆಯನ್ನು ಎರಡು ಬೆರಳಲ್ಲಿ ಅಗಲಿಸಿ ತೋರಿಸಿದರು. ಗೆರೆಯ ತಳದಲ್ಲಿ ಬೇಸಿಗೆಯ ಗದ್ದೆಯ ಹಾಗೆ ಸಣ್ಣ ಸಣ್ಣ ಬಿರುಕು. ಟೈರಿನ ಪಕ್ಕದ ಮೈಮೇಲೆ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ: 1113. 2013ರ ಹನ್ನೊಂದನೇ ವಾರದಲ್ಲಿ ತಯಾರಾದದ್ದು. ಎಂಟು ವರ್ಷದ ಟೈರ್.

ನನ್ನ ತಪ್ಪು ಎಲ್ಲಿ ಅಂತ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಗೆರೆ ಇದ್ದರೆ ಟೈರ್ ಇದೆ ಅಂತ ನಂಬಿದ್ದೆ. ಗೆರೆಯ ಕೆಲಸ ನೀರನ್ನು ಹೊರಗೆ ತಳ್ಳೋದು. ರಸ್ತೆಯನ್ನು ಹಿಡಿಯೋದು ರಬ್ಬರ್. ರಬ್ಬರ್ ಮೆತ್ತಗಿದ್ದರೆ ಡಾಂಬರಿನ ಸಣ್ಣ ಉಬ್ಬುತಗ್ಗುಗಳಿಗೆ ಒತ್ತಿಕೊಂಡು ಹಿಡಿಯುತ್ತೆ. ಬಿಸಿಲು, ಗಾಳಿಯ ಆಮ್ಲಜನಕ, ಕಾಲ ಎಲ್ಲ ಸೇರಿ ಅದರೊಳಗಿನ ಎಣ್ಣೆಯಂಶವನ್ನು ಕಮ್ಮಿ ಮಾಡಿ ಅದನ್ನು ಗಟ್ಟಿ ಮಾಡುತ್ತವೆ. ಗಾಡಿ ಓಡದೆ ಶೆಡ್ಡಿನಲ್ಲೇ ನಿಂತಿದ್ದರೂ ಇದು ನಡೆಯುತ್ತಲೇ ಇರುತ್ತೆ. ಒಣ ರಸ್ತೆಯಲ್ಲಿ ಗೊತ್ತಾಗಲ್ಲ. ಒದ್ದೆ ರಸ್ತೆಯಲ್ಲಿ ಒಂದೇ ಸಲಕ್ಕೆ ಗೊತ್ತಾಗುತ್ತೆ.

ಹೊಸದನ್ನು ಮುಂದೆ, ಹಳೆಯದನ್ನು ಹಿಂದೆ ಹಾಕಿ ನಾನು ಆ ಗಟ್ಟಿ ರಬ್ಬರನ್ನು ಇರಬಾರದ ಜಾಗದಲ್ಲೇ ಇಟ್ಟಿದ್ದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಭಾರ ಮುಂದಕ್ಕೆ ಬರುತ್ತೆ, ಹಿಂಭಾಗ ಹಗುರಾಗುತ್ತೆ. ಆವತ್ತು ಕೊನೆಯ ಸೀಟೂ ಖಾಲಿ. ಮುಂದಿನ ಚಕ್ರ ಜಾರಿದರೆ ಗಾಡಿ ತಿರುಗದೆ ನೇರ ಹೋಗುತ್ತೆ, ಕಾಲು ತೆಗೆದರೆ ಸಾಮಾನ್ಯವಾಗಿ ಮತ್ತೆ ಹಿಡಿತ ಸಿಗುತ್ತೆ. ಹಿಂದಿನದು ಜಾರಿದರೆ ಗಾಡಿ ಸುತ್ತುತ್ತೆ, ನಮ್ಮಂಥವರ ಕೈಗೆ ಸಿಗಲ್ಲ. ಮುಂದಿನ ಚಕ್ರ ಎಳೆಯುವ ಗಾಡಿಗೂ ಹೊಸ ಎರಡು ಹಿಂದಕ್ಕೇ ಹೋಗಬೇಕು ಅಂತ ಟೈರ್ ಕಂಪನಿಗಳೇ ಹೇಳುತ್ತವೆ. ಎಬಿಎಸ್ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತೆ, ಇಲ್ಲದ ಹಿಡಿತವನ್ನು ತಂದುಕೊಡಲ್ಲ.

ಈಗ ನಿಮ್ಮ 80 ಸಾವಿರದ ಮಾತು. ವರ್ಷಕ್ಕೆ ಎಂಟು ಸಾವಿರದಂತೆ ಅಷ್ಟು ಓಡಿಸೋಕೆ ಹತ್ತು ವರ್ಷ ಬೇಕು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತೋರಿಸಿ, ಹತ್ತು ವರ್ಷ ಆದರೆ ಗೆರೆ ಎಷ್ಟೇ ಇರಲಿ ತೆಗೆದುಬಿಡಿ ಅನ್ನೋದು ಮಿಷೆಲಿನ್ ಕೊಡುವ ಸಲಹೆ. ನಮ್ಮ ರಸ್ತೆಗಳಿಗೆ ನಾನು ಆರು ವರ್ಷಕ್ಕೇ ಮುಗಿಸುತ್ತೇನೆ. ಅಂದರೆ ನಿಮಗೆ ಬೇಕಾಗಿರೋದು ಐವತ್ತು ಸಾವಿರ ಕಿ.ಮೀ. ಟೈರ್. ಅಷ್ಟು ಯಾವ ಒಳ್ಳೆಯ ಕಂಪನಿಯದೂ ಬರುತ್ತೆ. ಮೇಲಿನ ಮೂವತ್ತು ಸಾವಿರ ನೀವು ಓಡಿಸೋದೇ ಇಲ್ಲ. ಆದರೂ ಅದಕ್ಕೆ ಬೆಲೆ ಕೊಡುತ್ತೀರಿ. ಜಾಸ್ತಿ ಬಾಳಿಕೆಗೆ ಅಂತ ಮಾಡಿದ ರಬ್ಬರ್ ಸಾಮಾನ್ಯವಾಗಿ ಗಟ್ಟಿ, ಒದ್ದೆಯಲ್ಲಿ ಹಿಡಿತ ಕಮ್ಮಿ. ಸಿಲಿಕಾ ಸೇರಿಸಿದವುಗಳಲ್ಲಿ ಈ ತೊಂದರೆ ಸ್ವಲ್ಪ ತಗ್ಗಿದೆ, ಪೂರ್ತಿ ಹೋಗಿಲ್ಲ. ದಿನಾ ಮೈಸೂರಿಗೆ ಟ್ಯಾಕ್ಸಿ ಓಡಿಸುವವರಿಗೆ ಬಾಳಿಕೆಯ ಟೈರ್ ಸರಿ. ನಿಮಗಲ್ಲ.

"ಆಲ್ ಸೀಸನ್" ಅನ್ನೋದನ್ನೂ ಹುಡುಕಬೇಡಿ. ಹಿಮ ಬೀಳುವ ದೇಶಗಳಲ್ಲಿ ಬೇಸಿಗೆಗೊಂದು, ಚಳಿಗೊಂದು ಟೈರ್ ಇರುತ್ತೆ, ಎರಡರ ನಡುವಿನದು ಅದು. ಸುಮಾರು 7 ಡಿಗ್ರಿಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರ್ ಬಿಗಿಯಾಗುತ್ತೆ ಅಂತ ಆ ಏರ್ಪಾಡು. ಮಡಿಕೇರಿಯ ಡಿಸೆಂಬರ್ ಬೆಳಗಿಗೂ ಅದು ಬೇಡ. ಇಲ್ಲಿ ಸಿಗುವ ಮಾಮೂಲಿ ಟೈರ್ ಬಿಸಿಲಿಗೂ ಮಳೆಗೂ ಅಂತಲೇ ಮಾಡಿದ್ದು. ತೋಟದ ರಸ್ತೆ ಇದೆ ಅಂತ ಜೀಪಿನ ಥರ ದಪ್ಪ ಬಟನ್ ಇರುವ ಟೈರ್ ಹಾಕಿಸುವವರಿದ್ದಾರೆ. ಕೆಸರಲ್ಲಿ ಚೆನ್ನ, ಒದ್ದೆ ಡಾಂಬರಿನಲ್ಲಿ ಬ್ರೇಕ್ ಹಿಡಿದರೆ ಗಾಡಿ ನಿಲ್ಲೋಕೆ ಜಾಸ್ತಿ ದೂರ ಬೇಕು. ಮನೆಮಂದಿಯ ಗಾಡಿಗೆ ಬೇಡ.

ಎರ್ಟಿಗಾದ ಅಳತೆ 185/65 ಆರ್15, ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿ ಒಮ್ಮೆ ನೋಡಿಕೊಳ್ಳಿ. ಲೋಡ್ ಇಂಡೆಕ್ಸ್ 88ಕ್ಕಿಂತ ಕಮ್ಮಿ ಬೇಡ, ಅಂದರೆ ಒಂದು ಟೈರಿಗೆ 560 ಕೆ.ಜಿ. ಏಳು ಜನ, ಮೇಲೊಂದು ಕಾಫಿ ಮೂಟೆ ಹಾಕುವ ಗಾಡಿ ಇದು. ಎಂಆರ್‌ಎಫ್, ಅಪೊಲೊ, ಸಿಯೆಟ್, ಬ್ರಿಡ್ಜ್‌ಸ್ಟೋನ್ ಎಲ್ಲರಲ್ಲೂ ಈ ಅಳತೆ ಸಿಗುತ್ತೆ. ನಾನು ಹೆಸರು ಹೇಳಲ್ಲ, ಯಾಕೆಂದರೆ ಒಂದೇ ಕಂಪನಿಯಲ್ಲೂ ಬಾಳಿಕೆಗೆ ಒಂದು ಮಾದರಿ, ಒದ್ದೆ ರಸ್ತೆಗೆ ಇನ್ನೊಂದು ಇರುತ್ತೆ. ಅಂಗಡಿಯಲ್ಲಿ "ಎಷ್ಟು ಬರುತ್ತೆ" ಅನ್ನುವ ಬದಲು "ಮಳೆಗೆ ಯಾವುದು ಹಿಡಿಯುತ್ತೆ" ಅಂತ ಕೇಳಿ. ಕೆಲವು ಟೈರಿನ ಪಕ್ಕದಲ್ಲಿ ಟ್ರೆಡ್‌ವೇರ್ ಅಂತ ಒಂದು ಅಂಕಿ, ಟ್ರ್ಯಾಕ್ಷನ್ ಅಂತ ಎಎ, ಎ, ಬಿ, ಸಿ ಅಕ್ಷರ ಅಚ್ಚಾಗಿರುತ್ತೆ. ಮೊದಲನೆಯದು ಸವೆತದ ಲೆಕ್ಕ. ಎರಡನೆಯದನ್ನು ಅಳೆಯೋದು ಒದ್ದೆ ನೆಲದ ಮೇಲೆ ಬ್ರೇಕ್ ಹಾಕಿ. ನೀವು ನೋಡಬೇಕಾದದ್ದು ಎರಡನೆಯದು. ಬಿ ಅಂತ ಇದ್ದರೆ ಬಿಟ್ಟುಬಿಡಿ.

ಫಿಟ್ಟಿಂಗಿಗೆ ಮುಂಚೆ ಟೈರ್ ತಯಾರಾದ ವಾರ, ವರ್ಷ ಹೇಳುವ ಆ ನಾಲ್ಕಂಕಿ ಓದಿ. ಆರು ತಿಂಗಳಿಗಿಂತ ಹಳೆಯದಾದರೆ ಬೇರೆ ಕೊಡಿ ಅನ್ನಿ. ಬೆಲೆ ಕಮ್ಮಿ ಅಂತ ಎರಡು ವರ್ಷ ಗೋಡೌನಿನಲ್ಲಿದ್ದ ಟೈರ್ ಕೊಟ್ಟರೆ, ನಿಮ್ಮ ಆರು ವರ್ಷದಲ್ಲಿ ಎರಡು ಆಗಲೇ ಹೋದ ಹಾಗೆ. ಬಿಲ್ಲನ್ನೂ ನೋಡಿ, 2025ರ ಸೆಪ್ಟೆಂಬರ್ 22ರಿಂದ ಕಾರ್ ಟೈರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ.

ನಾಲ್ಕಕ್ಕೂ ಒಟ್ಟಿಗೆ ದುಡ್ಡು ಆಗಲ್ಲ ಅಂದರೆ, ಹಿಂದಿನವು ಐದು ವರ್ಷದೊಳಗಿನವಾಗಿದ್ದರೆ ಮಾತ್ರ ಎರಡು ತಗೊಳ್ಳಿ. ಹೊಸದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿಸಿ. ಅಂಗಡಿಯವರು ಬೇಡ ಅಂದರೂ ಒಪ್ಪಬೇಡಿ. ಆಮೇಲೆ ಎಂಟು ಹತ್ತು ಸಾವಿರಕ್ಕೊಮ್ಮೆ ರೊಟೇಶನ್, ಅಲೈನ್‌ಮೆಂಟ್. ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡಿಸುವ ಮುಂಚೆ ನೋಡಿ. ಗೆರೆಯೊಳಗಿನ ಗುರುತಿನ ಉಬ್ಬು 1.6 ಮಿ.ಮೀ.ಗೆ ಇರುತ್ತೆ, ಕಾನೂನಿಗೆ ಅಷ್ಟು ಸಾಕು. ನಮ್ಮ ಮಳೆಗೆ ಸಾಲದು, 3 ಮಿ.ಮೀ.ಗೇ ತೆಗೆಯಿರಿ. ಸ್ಟೆಪ್ನಿಯ ತಾರೀಖನ್ನೂ ಮರೆಯಬೇಡಿ, ಓಡದ ಟೈರಿಗೂ ವಯಸ್ಸಾಗುತ್ತೆ.

ಅಂಗಡಿಗೆ ಹೋಗುವ ಮುಂಚೆ ನಿಮ್ಮ ಹಿಂದಿನ ಎರಡು ಟೈರಿನ ನಾಲ್ಕಂಕಿಗಳನ್ನು ಇಲ್ಲಿ ಬರೆಯಿರಿ. ಎರಡು ಸಾಕಾ, ನಾಲ್ಕೂ ಬೇಕಾ ಅಂತ ನೋಡಿ ಹೇಳುತ್ತೇನೆ.