ಕಾರವಾರದ ಉಪ್ಪುಗಾಳಿಯಲ್ಲಿ ರೌಟರ್ ಮಷೀನಿಗೆ ಎಂಥ ಕಪಾಟು?

ಮಳೆಗಾಲದಲ್ಲಿ ರೌಟರ್ (ಮರದಲ್ಲಿ ಗಾಡಿ, ಅಂಚು ಕೊರೆಯುವ ಮಷೀನು) ಬಿಟ್‌ಗಳಿಗೆ, ಅಂದರೆ ಅದಕ್ಕೆ ಸಿಕ್ಕಿಸುವ ಅಲಗುಗಳಿಗೆ, ತುಕ್ಕು ಹಿಡಿಯುತ್ತದೆ, ಮಷೀನು, ಬಿಟ್ ಎರಡನ್ನೂ ಇಡುವ ಕಪಾಟು ಹೇಗೆ ಮಾಡಲಿ ಅಂತ ಕೇಳಿದ್ದೀರಿ. ನಾನೂ ಕಾರವಾರದವನೇ. ನನ್ನ ಮೊದಲ ಕಪಾಟು ಎಂಡಿಎಫ್‌ನದು, ಮರದ ನಾರು ಒತ್ತಿ ಮಾಡಿದ ಹಲಗೆ. ಒಂದೇ ಮಳೆಗಾಲಕ್ಕೆ ಅಂಚು ಉಬ್ಬಿ ಬಾಗಿಲು ಮುಚ್ಚದಾಯಿತು.

ಐಎಸ್ 710 ಗುರುತಿನ (ನೀರು ತಡೆಯುವ ಮರೀನ್ ಪ್ಲೈವುಡ್ಡಿನ ಗುರುತು) 18 ಎಂಎಂ ಪ್ಲೈವುಡ್ ತನ್ನಿ. ಮಷೀನನ್ನೇ ಹಲಗೆ ಮೇಲೆ ನಿಲ್ಲಿಸಿ, ವೈರು ಸುತ್ತಿಟ್ಟು, ಸುತ್ತ ಎರಡು ಬೆರಳು ಜಾಗ ಬಿಟ್ಟು ಗೆರೆ ಹಾಕಿ.

ಎಡವುವುದು ಬಿಟ್ ಇಡುವ ಹಲಗೆಯಲ್ಲಿ. ಬಿಟ್ಟಿನ ಶ್ಯಾಂಕ್, ಅಂದರೆ ಮಷೀನಿಗೆ ಸಿಕ್ಕಿಸುವ ಕಡ್ಡಿ, ಕಾಲು ಇಂಚಿನದಾದರೆ 6.35 ಎಂಎಂ. ಅಷ್ಟಕ್ಕೇ ಬಿಗಿಯಾಗಿ ತೂತು ಕೊರೆದರೆ ಜುಲೈನಲ್ಲಿ ಮರ ಉಬ್ಬಿ ಬಿಟ್ಟನ್ನು ಕಚ್ಚಿಕೊಳ್ಳುತ್ತದೆ. ಎಳೆಯಲು ಹೋಗಿ ನಾನು ಬೆರಳು ಕುಯ್ದುಕೊಂಡಿದ್ದೇನೆ. 7 ಎಂಎಂ ತೂತು ಹಾಕಿ, ಅರ್ಧ ಇಂಚಿನದಕ್ಕೆ 13.5. ಬಿಟ್ಟುಗಳ ತಲೆ ಒಂದಕ್ಕೊಂದು ತಾಗದಷ್ಟು ದೂರ ಇರಲಿ. ಅಲಗಿನ ಕಾರ್ಬೈಡ್ ಗಟ್ಟಿ ಹೌದು, ಆದರೆ ಬಡಿದರೆ ಚಕ್ಕೆ ಏಳುತ್ತದೆ.

ತಿರುಪು, ಕೀಲು ಸ್ಟೇನ್‌ಲೆಸ್ ಸ್ಟೀಲಿನದೇ ಬೇಕು. ಕಪಾಟನ್ನು ಗೋಡೆಗೆ ಒತ್ತಿ ಹೊಡೆಯಬೇಡಿ. ಹಿಂದೆ ಒಂದಿಂಚಿನ ಪಟ್ಟಿ ಕೊಡಿ, ಮಳೆಗಾಲದಲ್ಲಿ ನಮ್ಮ ಗೋಡೆಗಳೇ ಬೆವರುತ್ತವೆ ಅಲ್ವಾ.

ಒಳಗೆ ತಳದಲ್ಲಿ 15 ವ್ಯಾಟಿನ ಹಳೇ ಕಾಲದ ತಂತಿ ಬಲ್ಬು ಹಾಕಿ, ಸುತ್ತ ಜಾಳಿಗೆ ಇರಲಿ. ಗಾಳಿ ಸ್ವಲ್ಪ ಬೆಚ್ಚಗಿದ್ದರೆ ತೇವ ಲೋಹದ ಮೇಲೆ ಕೂರುವುದಿಲ್ಲ. ಎಲ್‌ಇಡಿಯ ಬಿಸಿ ಸಾಲದು. ಮರದ ಪುಡಿ ಬಲ್ಬಿನ ಹತ್ತಿರ ಬಿಡಬೇಡಿ. ಬಿಟ್ಟುಗಳನ್ನೂ ಸುಮ್ನೆ ಹಾಗೇ ಇಡದೆ, ಪುಡಿ ಒರೆಸಿ, ಹೊಲಿಗೆ ಮಷೀನಿನ ಎಣ್ಣೆ ತೆಳ್ಳಗೆ ಸವರಿ ಇಡಿ.